ಸಂಜೆಯ ನೂಲು

ಬಾಯಿಗೆ ಬಿದ್ದ ಸಕ್ಕರೆ ಗಂಟಲಲ್ಲಿ ಇಳಿಯಲಿಲ್ಲ.

ಶೆಟ್ಟೆವ್ವ ನುಂಗಲು ನೋಡಿದಳು. ಆಗಲಿಲ್ಲ. ಮತ್ತೊಮ್ಮೆ ನೋಡಿದಳು... ನಾಲಿಗೆ ಅವಳ ಮಾತೇ ಕೇಳಲಿಲ್ಲ.

ಎದುರಿಗೆ ಹತ್ತರಗಿಯಿಂದ ಬಂದ ಬೀಗರು, ಸುತ್ತಲೂ ತುಕ್ಕಾನಟ್ಟಿಯ ಅರ್ಧ ಊರು. ದೀಪ ಹಚ್ಚುವ ಹೊತ್ತು. ಯಾರೋ ತಂಬಿಗೆ ನೀರು ಕೊಟ್ಟರು. ಒಂದು ಗುಟುಕು ಕುಡಿದದ್ದೇ ತಡ, ನೀರೂ ಸಕ್ಕರೆಯೂ ಮೂಗು ಬಾಯಿಗಳಿಂದ ಹೊರಬಂದು ವರನ ಬಿಳಿ ಅಂಗಿಯ ಮೇಲೆ ಬಿದ್ದವು.

"ಉಗುಳಿದಳು," ವರನ ತಾಯಿ ಸಾತವ್ವ ಮೆಲ್ಲಗೆ ಹೇಳಿದಳು. "ನನ್ನ ಮಗನ ಸಕ್ಕರಿ ಉಗುಳಿದಳು."

ಆ ಮನೆತನಗಳಲ್ಲಿ ವರನ ಸಕ್ಕರೆ ಹೆಣ್ಣಿನ ಗಂಟಲಿಳಿದರೆ ಸಂಬಂಧ ಗಟ್ಟಿ. ಉಗುಳಿದರೆ ಅದಕ್ಕಿಂತ ದೊಡ್ಡ 'ಒಲ್ಲೆ' ಇನ್ನೊಂದಿಲ್ಲ.

ವರ ಮಾಲಿಂಗಪ್ಪ ಗೋಕಾಕ ಫಾಲ್ಸ್ ಗಿರಣಿಯಲ್ಲಿ ನೂಲುವ ಕೆಲಸದವನು. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳ ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು. ತಾತ್ಸಾರ ಎಂದುಕೊಂಡ ಪಾಪ, ಎದ್ದು ನಡೆದ.

'ನಾ ಉಗುಳಲಿಲ್ಲ...' ಎನ್ನಲು ಹೋದಳು ಶೆಟ್ಟೆವ್ವ. ಮಾತು ಮೂಗಿನಲ್ಲಿ ಸೇರಿ ಯಾರಿಗೂ ತಿಳಿಯದ ಸದ್ದಾಯಿತು.

ಆರು ತಿಂಗಳಿಂದ ಅವಳು ಹೊರಗಿನವರಿಗೆ ಮುಚ್ಚಿಟ್ಟ ಗುಟ್ಟು ಇದು. ಬೆಳಗ್ಗೆ ಎಲ್ಲರಂತೆ ನೀರು ಹೊತ್ತು ತರುವಳು, ರಾಟೆಯ ಮುಂದೆ ಕೂತು ಉಣ್ಣೆ ನೂಲುವಳು. ಹೊತ್ತು ಇಳಿದಂತೆ ರೆಪ್ಪೆ ಜೋಲುತ್ತಿತ್ತು, ಒಂದು ದೀಪ ಎರಡಾಗಿ ಕಾಣುತ್ತಿತ್ತು, ರೊಟ್ಟಿ ಅಗಿಯಲು ದವಡೆ ಸೋಲುತ್ತಿತ್ತು.

ಅಪ್ಪ ಕರೆಪ್ಪನದು ಒಂದೇ ಮಾತು. "ಮುಂಜಾನಿ ಎರಡು ಕೊಡ ಹೊತ್ತಾಕಿಗೆ ಸಂಜಿಗೆ ತಂಬಗಿ ಭಾರ ಹ್ಯಾಂಗ ಆಗತೈತಿ? ಸೋಗು."

ಸೋಗಲ್ಲವೆಂದು ಅವಳಿಗೊಬ್ಬಳಿಗೇ ಗೊತ್ತು. ಇವತ್ತು ಗಂಟಲು ಕೈಕೊಟ್ಟಿತು, ನಾಳೆ ಉಸಿರೇ ಕೈಕೊಟ್ಟರೆ? ಆ ಭಯಕ್ಕೆ ಅವಳು ದಿನಾ ಸಂಜೆ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಣಿಸುತ್ತಿದ್ದಳು.

ಒಂಬತ್ತನೆಯ ದಿನ ಬೆಳಗ್ಗೆ ಮಾಲಿಂಗಪ್ಪ ಬಂದ.

"ಸಕ್ಕರಿ ಶಾಸ್ತ್ರಕ್ಕ ನಾವು ಉಡಿಸಿದ ಸೀರಿ ತಿರುಗಿ ಒಯ್ಯಾಕ ಬಂದೇನ್ರಿ," ಎಂದ.

ಹೆಣ್ಣಿನ ತಾಯಿ ಸೀರೆ ತರಲು ಒಳಗೆ ಹೋದಳು. ಪಡಸಾಲೆಯಲ್ಲಿ ಶೆಟ್ಟೆವ್ವನ ರಾಟೆ ಜೋರಾಗಿ ತಿರುಗುತ್ತಿತ್ತು. ಕಣ್ಣೆರಡೂ ಅಗಲವಾಗಿ ತೆರೆದಿದ್ದವು. 'ಗಟ್ಟಿಯಾಗಿಯೇ ಇದ್ದಾಳೆ, ನನ್ನನ್ನೇ ಒಲ್ಲೆ ಅಂದಿದ್ದಾಳೆ...' ಅವನ ಎದೆ ಉರಿಯಿತು.

ಏನಾದರೂ ಮಾಡಬೇಕಲ್ಲ ಎಂದು ಅಲ್ಲಿದ್ದ ನೂಲಿನ ಉಂಡೆ ಎತ್ತಿಕೊಂಡು ಬಿಚ್ಚತೊಡಗಿದ. ಗಿರಣಿಯ ಬೆರಳುಗಳು ಸುಮ್ಮನಿರಲಿಲ್ಲ. ಒಂದಿಷ್ಟು ದೂರ ಒಂದೇ ಸಮನಾದ ನೂಲು. ಆಮೇಲೆ ದಪ್ಪ, ಸಣ್ಣ, ಮೊಳಕ್ಕೊಂದು ಗಂಟು. ಮತ್ತೆ ಚೊಕ್ಕ ನೂಲು. ಮತ್ತೆ ಗಂಟು.

"ಇದನ್ನ ಇಬ್ಬರು ನೂತಾರೇನು?"

ರಾಟೆ ನಿಂತಿತು. ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

"ಮುಂಜಾನಿ ನೂತಾಕಿನೂ ನಾನ, ಸಂಜಿಗೆ ನೂತಾಕಿನೂ ನಾನ," ಎಂದಳು. "ಸೀರಿ ಒಯ್ಯೂದಿದ್ರ ಒಯ್ರಿ... ಆದ್ರ ಸಂಜಿ ತನಕ ಕುಂದರ್ರಿ. ನೋಡಿ ಹೋಗ್ರಿ."

ಅವನು ಕೂತ. ಮಧ್ಯಾಹ್ನದ ಮೇಲೆ ಮೊದಲ ಎಳೆ ಹರಿಯಿತು. ಬಿಸಿಲು ಇಳಿದಾಗ ಎಡರೆಪ್ಪೆ ಇಳಿಯಿತು. ಸಂಜೆ ಅವಳು ಅಂಗೈಯಲ್ಲಿ ಗದ್ದ ಎತ್ತಿ ಹಿಡಿದು ರೊಟ್ಟಿ ಅಗಿಯುವುದನ್ನು ಕಂಡಾಗ, ಅವಳು ಸಕ್ಕರೆ ಬೇಕೆಂದು ಉಗುಳಿದ್ದಲ್ಲ ಎಂದು ಮಾಲಿಂಗಪ್ಪನಿಗೆ ತಿಳಿಯಿತು. ಸೀರೆಯ ಗಂಟನ್ನು ಅವನು ಮುಟ್ಟಲೇ ಇಲ್ಲ.

ಮರುದಿನ ಕರೆಪ್ಪನನ್ನೂ ಕರೆದುಕೊಂಡು ಮೂವರೂ ಮಿರಜದ ಆಸ್ಪತ್ರೆಗೆಂದು ರೈಲು ಹತ್ತಿದರು. ಅದು ಸಾವಿರದ ಒಂಬೈನೂರ ಅರವತ್ತೆರಡು. ಆಸ್ಪತ್ರೆಯಲ್ಲಿ ಹೊತ್ತಿಳಿದು ಅವಳ ರೆಪ್ಪೆ ಜೋತಾಗ ವೈದ್ಯರು ಒಂದು ಸೂಜಿ ಚುಚ್ಚಿ, ಗಡಿಯಾರ ನೋಡುತ್ತ ಕೂತರು. ಸತ್ತೇ ಹೋಗುತ್ತೇನೇನೋ ಎಂದು ಅವಳು ಬೆಂಚು ಹಿಡಿದುಕೊಂಡಳು.

ಇಪ್ಪತ್ತು ನಿಮಿಷಕ್ಕೆ ರೆಪ್ಪೆ ತಾನಾಗಿಯೇ ಮೇಲೆದ್ದಿತು. ಎರಡಾಗಿ ಕಾಣುತ್ತಿದ್ದ ಮಾಲಿಂಗಪ್ಪ ಒಬ್ಬನಾದ.

ವೈದ್ಯರ ಮರಾಠಿಯನ್ನು ಅವನು ಅವಳಿಗೆ ಬಿಡಿಸಿ ಹೇಳಿದ. "ನರ ಹೇಳಿದ್ದು ಮಾಂಸಖಂಡಕ್ಕ ಸರಿಯಾಗಿ ಮುಟ್ಟೂದಿಲ್ಲಂತ. ದುಡಿದಂಗ ದುಡಿದಂಗ ಸೋಲತೈತಿ, ದಣಿವಾರಿಸಿಕೊಂಡ್ರ ತಿರುಗಿ ಬರತೈತಿ. ಮೈ ತನ್ನ ಮ್ಯಾಲೆ ತಾನ ತಿರುಗಿ ಬಿದ್ದೈತೇನೊ ಅಂತ ಈಗೀಗ ಡಾಕ್ಟರ್ ಮಂದಿಗೆ ಸಂಶಯ ಐತಂತ."

"ಪೂರಾ ವಾಸಿ ಆಗತೈತೇನ್ರಿ?"

ಅವನು ಸುಳ್ಳು ಹೇಳಬಹುದಿತ್ತು, ಮರಾಠಿ ಅವಳಿಗೆ ಬರುತ್ತಿರಲಿಲ್ಲ.

"ಇಲ್ಲಂತ. ಗುಳಗಿ ತೊಗೊಂಡ್ರ ಮೂರು ನಾಕು ತಾಸು ಬಲ ಇರತೈತಿ. ಉಸಿರಿಗೆ ತ್ರಾಸಾದ್ರ ತಡಾ ಮಾಡದ ಇಲ್ಲಿಗೆ ಬರಬೇಕಂತ."

ಹಾಗಾದರೆ ಅವಳ ಭಯ ಬರೀ ಭ್ರಮೆಯಾಗಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಕರೆಪ್ಪ, "ನಾ ಸೋಗು ಅಂದೆನಲ್ಲವ್ವ..." ಎಂದು ರುಮಾಲಿನಲ್ಲಿ ಮುಖ ಒರೆಸಿಕೊಂಡ.

ಎಂಟು ದಿನದ ಮೇಲೆ ಸಾತವ್ವ ಮತ್ತೆ ಸಕ್ಕರೆ ತಂದಳು. ಮುಂಜಾನೆ ಎಂಥ ಶಾಸ್ತ್ರ ಎಂದು ಹಿರಿಯರು ಗೊಣಗಿದರು. ಮಾಲಿಂಗಪ್ಪ ಬಗ್ಗಲಿಲ್ಲ. ಗುಳಿಗೆ ನುಂಗಿ ಅರ್ಧ ತಾಸಾಗುವವರೆಗೆ ಎಲ್ಲರನ್ನೂ ಕಾಯಿಸಿದ.

ಸಕ್ಕರೆ ನಾಲಿಗೆಯ ಮೇಲೆ ಕರಗಿತು. ಶೆಟ್ಟೆವ್ವ ಕಣ್ಣು ಮುಚ್ಚಿ ನುಂಗಿದಳು.

ಇಳಿಯಿತು.

ಸಾತವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಎಲ್ಲರೂ ಎಲೆ ಅಡಿಕೆಗೆ ಎದ್ದಾಗ ಶೆಟ್ಟೆವ್ವ ಅವನಿಗಷ್ಟೇ ಕೇಳುವಂತೆ ಕೇಳಿದಳು.

"ಸಂಜಿಗೆ ಮತ್ತ ಗಂಟಲ ಕಟ್ಟಿದ್ರ... ನಿಮಗ ಅಂಜಿಕಿ ಇಲ್ಲೇನ್ರಿ?"

"ಐತಿ. ಭಾಳ ಐತಿ," ಎಂದ ಅವನು. "ಎಳಿ ಹರದ್ರ ನೀ ಏನ್ ಮಾಡ್ತಿದ್ದಿ?"

"ಗಂಟು ಹಾಕ್ತಿದ್ದೆ."

"ಎಷ್ಟ ಸಲ?"

ಅವಳು ಮೊದಲ ಸಲ ಅವನನ್ನು ನೇರವಾಗಿ, ಎರಡೂ ಕಣ್ಣು ತೆರೆದು ನೋಡಿದಳು.

"ಹರದಷ್ಟೂ ಸಲ."