ಮೂರು ರೇವು, ಎರಡು ತೋಪು

"ಕಡಲೇ ಇಲ್ಲದ ಊರಿಗೆ ತೋಪು ಯಾಕಪ್ಪ ಬೇಕಾಗಿತ್ತು?"

ವಾಚ್‌ಮನ್ ಪೋತಪ್ಪ ಯಾರ ಮುಖವನ್ನೂ ನೋಡದೆ ಕೇಳಿದ. ಹಿಂದೂಪುರದ ನಾಟಕ ಭವನದ ರಂಗದ ಮೇಲೆ ನೀಲಿ ಸೀರೆಗಳ ಕಡಲು ಹರಡಿತ್ತು. ದಡದಲ್ಲಿ ಗುಂಡು ಹಾರಿಸುವ ಎರಡು ತೋಪು, ರಟ್ಟಿನವು. ರಂಗದ ಹಿಂದೆ, ವೇಷ ಕಟ್ಟುವ ಬಣ್ಣದ ಕೋಣೆಯಲ್ಲಿ ಕದಿರಣ್ಣ ಸತ್ತುಬಿದ್ದಿದ್ದ.

ಎಸ್ಸೈ ಭಾರ್ಗವಿ ಬಂದಾಗ ಬಿಸಿಲು ಆಗಷ್ಟೇ ಏರುತ್ತಿತ್ತು. ಕದಿರಣ್ಣ ಅವಳಿಗೆ ಹೊಸಬನಲ್ಲ. ಕಲ್ಯಾಣದುರ್ಗದ ನಾಟಕ ತಂಡದ ಯಜಮಾನ. ಬೆಳುಗುಪ್ಪದ ಅಜ್ಜಿಯ ಮಡಿಲಲ್ಲಿ ಕೂತು ಅವನ ಪದ್ಯ ಕೇಳಿ ಬೆಳೆದವಳು ಅವಳು. ಒಂದು ಕ್ಷಣ ಕೈಮುಗಿದಳು. ಆಮೇಲೆ ಪೊಲೀಸ್ ಅಧಿಕಾರಿಯಾದಳು.

"ಹಾರ್ಟ್ ಪೇಷೆಂಟ್ ಮೇಡಂ," ಎಂದ ಕಾನ್‌ಸ್ಟೇಬಲ್. "ನ್ಯಾಚುರಲ್ ಡೆತ್ ಅಂತ ಬರ್ಕೊಳ್ಳೋಣ್ವಾ?"

"ಬಾಗಿಲು ನೋಡು."

ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು.

"ಪೋತಪ್ಪಾ, ನೀನು ಬಂದಾಗ ಬಾಗಿಲು ಹೆಂಗಿತ್ತು?"

"ಹೊರಗ್ಲಿಂದ ಚಿಲಕ ಹಾಕಿತ್ತಮ್ಮ."

"ಕೂಗಿದ್ದು ಕೇಳಿಸ್ಲಿಲ್ವಾ?"

"ಹೆಂಗ್ ಕೇಳ್ತದೆ? ಆಚೆ ಮೈಕ್ ಸೆಟ್ ಹುಡುಗ್ರು 'ಹಲೋ ಚೆಕ್, ಹಲೋ ಚೆಕ್' ಅಂತ ಊರು ಎಬ್ಬಿಸ್ತಿದ್ರು. ಹಾರ್ಮೋನಿಯಂ ಪೆಟ್ಟಿಗೆ ಸದ್ದು ಸ್ವಲ್ಪ ಕೇಳುಸ್ತು. ಅಭ್ಯಾಸ ಮಾಡ್ತವ್ರೆ ಅಂತ ಟೀ ಕುಡಿಯೋಕೆ ಹೋದೆ. ಬಂದು ನೋಡಿದ್ರೆ... ಅಯ್ಯೋ ದೇವುಡಾ."

ಭಾರ್ಗವಿ ಕೋಣೆಯಲ್ಲಿದ್ದ ಹಾರ್ಮೋನಿಯಂ ಮುಂದೆ ಕುಳಿತಳು. ಶ್ರುತಿ ಎಡೆಬಿಡದೆ ನುಡಿಯಲೆಂದು ಒಂದು ಮನೆಯನ್ನು, ಅಂದರೆ ಕೀಲಿಯನ್ನು, ಒತ್ತಿ, ಬಸ್ ಟಿಕೆಟ್ ಮಡಚಿ ಸಂದಿಗೆ ಸಿಕ್ಕಿಸಿದ್ದರು. ಎಲ್ಲ ತಂಡಗಳಲ್ಲೂ ಇರುವ ಪದ್ಧತಿ. ಅವಳು ತಿದಿಯನ್ನು ಒಮ್ಮೆ ಒತ್ತಿದಳು. ಪೆಟ್ಟಿಗೆ ಹಾಡಿತು.

ಅವಳು ಇನ್ನೊಮ್ಮೆ ಒತ್ತಿ ಕೇಳಿದಳು. ಅದು ಕದಿರಣ್ಣನ ಶ್ರುತಿಯಲ್ಲ.

* * *

ತಂಡ ಹಿಂದಿನ ದಿನವೇ ನಾಟಕ ಸ್ಪರ್ಧೆಗೆಂದು ಬಂದಿತ್ತು. ಗಂಡಸರು ಭವನದ ಜಗಲಿಯಲ್ಲಿ ಮಲಗಿದ್ದರು. ತಂಡದ ಒಬ್ಬಳೇ ಹೆಂಗಸು ವರಲಕ್ಷ್ಮಮ್ಮ. ಅವಳು ನೆಂಟರ ಮನೆಯಲ್ಲಿದ್ದಳು. "ನಾನು ಬರೋ ಹೊತ್ಗೆ ಎಲ್ಲಾ ಮುಗುದೋಗಿತ್ತು ಕಣಮ್ಮ," ಎಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮೊದಲು ಅನುಮಾನಕ್ಕೆ ಸಿಕ್ಕವನು ಜಯಚಂದ್ರ. ರಾಜನ ಸೇನಾಪತಿಯ ವೇಷದವನು.

"ನಿನ್ನೆ ಕದಿರಣ್ಣನ ಮೇಲೆ ಕೂಗಾಡಿದ್ದೆಯಂತೆ?"

"ಕೂಗಾಡ್ದೆ. ನೀನು ಹಾಕೋ ಸಭಾಪತಿ ಪಾತ್ರ ಒಂದ್ಸಲನಾದ್ರೂ ನಂಗೆ ಕೊಡು ಅಂದೆ. ನಿಂಗೆ ಪದ್ಯ ಬರಲ್ಲ, ಮೀಸೆ ಮಾತ್ರ ಬತ್ತದೆ ಅಂದ. ಅಷ್ಟಕ್ಕೆ ಯಾರ್ನಾದ್ರೂ ಸಾಯಿಸ್ತಾರಾ ಮೇಡಂ?"

"ಬೆಳಿಗ್ಗೆ ಎಲ್ಲಿದ್ದೆ?"

"ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ. ದೋಸೆ ಹೊತ್ತೋಗೈತೆ ಅಂತ ಅಲ್ಲೂ ಜಗಳ ಆಡ್ದೆ. ಕೇಳಿ ನೋಡಿ."

ಕೇಳಿದರು. ಹೋಟೆಲಿನವನಿಗೆ ಆ ಮೀಸೆ ಚೆನ್ನಾಗಿ ನೆನಪಿತ್ತು.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಓಡಿಬಂದ. ನಾಲಿಗೆಯಡಿ ಇಡುವ ಮಾತ್ರೆಯ ಡಬ್ಬಿ ಸಿಕ್ಕಿತ್ತು. ರಂಗದ ಮೇಲೆ ತೂಗುಹಾಕಿದ್ದ ಸೈನಿಕನ ಕೋಟಿನ ಜೇಬಿನಲ್ಲಿ. ಕೋಟು ಅಂಬರೀಶನದು. ಕದಿರಣ್ಣನ ಮಗ.

"ಅಪ್ಪ ಮರೀತಾರೆ ಅಂತ ಡಬ್ಬಿ ಯಾವಾಗ್ಲೂ ನನ್ನತ್ರನೇ ಇರ್ತದೆ," ಎಂದ ಅಂಬರೀಶ್. ಬಲಗಾಲು ಕುಂಟುತ್ತಿತ್ತು. "ಬಾವಿ ಹತ್ರ ಸ್ನಾನಕ್ಕೆ ಹೋಗಿದ್ದೆ ಮೇಡಂ. ಒಬ್ನೇ."

ಮೇಲಧಿಕಾರಿ ಸಿಐ ಸಾಹೇಬರಿಗೆ ಇಷ್ಟು ಸಾಕಾಯಿತು. ಫೋನಿನಲ್ಲಿ ಅಂದರು: "ಮಾತ್ರೆ ಮಗನ ಜೇಬಲ್ಲಿ, ಅಪ್ಪ ಚಿಲಕದ ಒಳಗೆ. ಇನ್ನೇನಮ್ಮ ಬೇಕು? ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಊರಿಗೆ ಹೋಗಿ ಮಣ್ಣು ಮಾಡ್ಲಿ. ನಾಳೆ ಸಾಯಂಕಾಲ ಅವನು ಸ್ಟೇಷನ್ನಲ್ಲಿ ಇರ್ಬೇಕು."

* * *

ಭಾರ್ಗವಿ ಹಾರ್ಮೋನಿಯಂ ಮೇಷ್ಟ್ರು ನಾರಪ್ಪನನ್ನು ಪಕ್ಕಕ್ಕೆ ಕರೆದಳು.

"ಮೇಷ್ಟ್ರೇ, ನಿನ್ನೆ ಪೆಟ್ಟಿಗೆ ಮುಚ್ಚುವಾಗ ಶ್ರುತಿ ಎಷ್ಟಿತ್ತು?"

"ಎರಡೂವರೆ, ಕದಿರಣ್ಣನ ಶ್ರುತಿ. ಬೆಳಿಗ್ಗೆ ಅಭ್ಯಾಸ ಮಾಡ್ತೀನಿ, ನನ್ನ ಮನೇಗೇ ಸಿಕ್ಸು ಅಂದಿದ್ದ. ನಾನೇ ಸಿಕ್ಸಿ ಮಲಗ್ದೆ."

ಈಗ ಅದು ಐದರಲ್ಲಿತ್ತು, ಎಷ್ಟೋ ಎತ್ತರದ ಶ್ರುತಿ. ಭಾರ್ಗವಿ ಅದನ್ನು ಹೇಳಲಿಲ್ಲ.

"ನಾಟಕದ ಕಥೆ ಹೇಳಿ."

ನಾರಪ್ಪನ ಕಣ್ಣು ಒದ್ದೆಯಾಯಿತು. "ಕಡಲಂಚಿನ ಜನ ರಾಜನ ಮೇಲೆ ತಿರುಗಿ ಬೀಳ್ತಾರೆ. ತಮ್ಮದೇ ಶಾಸನಸಭೆ ಮಾಡ್ಕೋತಾರೆ. ರಾಜನ ಹಡಗು ಬತ್ತಾ ಇದಾವೆ. ಕಾಪಾಡ್ಬೇಕಾದ ರೇವು ಮೂರು, ಇರೋ ತೋಪು ಎರಡು. ಯಾವ ರೇವು ಬಿಡೋದು? ಇಡೀ ನಾಟಕ ಆ ಸಭೇನೇ. ಬಡ ರೇವಿನ ಬೆಸ್ತರಮ್ಮ ಬಂದು, ನಮ್ಮನ್ನ ಬಿಡಬೇಡ್ರಪ್ಪಾ ಅಂತ ಬೇಡ್ಕೋತಾಳೆ. ಅದು ವರಲಕ್ಷ್ಮಮ್ಮನ ಪಾತ್ರ. ಆ ರೇವು ಸಭಾಪತಿ ಹುಟ್ಟಿದ ಊರೇ. ಆದ್ರೂ ಎದೆ ಕಲ್ಲು ಮಾಡ್ಕೊಂಡು ಅದ್ನೇ ಬಿಟ್ಟುಕೊಡ್ತಾನೆ. ಊರೇ ಕೈಯೆತ್ತಿ ಒಪ್ಕೊಂಡಂಗೆ ಅವನ ಕಣ್ಣಿಗೆ ಕಾಣ್ತದೆ." ಮೇಷ್ಟ್ರು ಮೆಲ್ಲಗೆ ಹಾಡಿ ತೋರಿಸಿದ:

ಮೂರು ರೇವು, ಎರಡು ತೋಪು. ಎನ್ನ ಊರೆ ಕೈಯನೆತ್ತಿ
ಅವಸರಿಲ್ಲ ಎನಗೆ, ಮೊದಲು ಅವರನುಳಿಸಿ ಎಂದಿತೊ.

"ಮೊನ್ನೆ ಕಂಬದೂರಲ್ಲಿ ಮೊದಲ ಪ್ರದರ್ಶನ ಆಯ್ತು. ಈ ಪದ್ಯಕ್ಕೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಕದಿರಣ್ಣ ಹಾಡ್ತಾನೇ ಇದ್ದ. ವರಲಕ್ಷ್ಮಮ್ಮ ಎದುರಿಗೇ ನಿಂತಿದ್ಲು. ಅವಳ ಮುಂದಿನ ಮಾತೇ ಹೊರಡ್ಲಿಲ್ಲ. ಯಾವತ್ತೂ ಮಾತು ಮರೆತೋಳಲ್ಲ."

"ಅಂಬರೀಶನ ಕಾಲಿಗೆ ಏನಾಗಿತ್ತು?"

"ಚಿಕ್ಕವನಾಗಿದ್ದಾಗಿನ ಕಥೆ. ಕುಂದುರ್ಪಿಯಲ್ಲಿ ನಾಟಕ ಮುಗಿಸಿ ಬರುವಾಗ ನಮ್ಮ ಜೀಪು ಹಳ್ಳಕ್ಕೆ ಬಿತ್ತು. ನಮಗೆಲ್ಲ, ವರಲಕ್ಷ್ಮಮ್ಮನಿಗೂ, ಪ್ರಜ್ಞೆ ಇರಲಿಲ್ಲ. ಕದಿರಣ್ಣ ಒಬ್ಬನೇ ಎದ್ದು, ಯಾರದೋ ಬೈಕ್ ಹತ್ತಿ ಇವನನ್ನ ಆಸ್ಪತ್ರೆಗೆ ಒಯ್ದ. ವರಲಕ್ಷ್ಮಮ್ಮನ ಮಗ ಮಧುನೂ ನಮ್ಮ ಜೊತೇಲಿದ್ದ. ಅವನು ಪಾಪ, ಅಲ್ಲೇ ಹೋದ. ಬಿದ್ದ ತಕ್ಷಣವೇ ಅಂತ ಕದಿರಣ್ಣನೇ ಹೇಳಿದ. ತಾಯಿಯಿಲ್ಲದ ಅಂಬರೀಶನಿಗೆ ಆಮೇಲಿಂದ ಅವಳೇ ತಾಯಿ."

ಭಾರ್ಗವಿ ಹಾರ್ಮೋನಿಯಂ ಎತ್ತಿಸಿ ಜೀಪಿಗೆ ಹಾಕಿಸಿದಳು.

* * *

ಮರುದಿನ ಕಲ್ಯಾಣದುರ್ಗ. ವರಲಕ್ಷ್ಮಮ್ಮ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಭಾರ್ಗವಿ ಜೀಪಿನಿಂದ ಹಾರ್ಮೋನಿಯಂ ಇಳಿಸಿ ತಂದಳು.

"ಮೆಲ್ಲಗೆ ಮಾತಾಡು ಕಣಮ್ಮ. ಅಂಬರೀಶ ಒಳಗೆ ಮಲಗವ್ನೆ. ಮಣ್ಣು ಮಾಡಿ ಬಂದೋನು ಒಂದು ತುತ್ತೂ ಉಣ್ಣಲಿಲ್ಲ."

"ಸಾಯಂಕಾಲ ಅವನನ್ನ ಅರೆಸ್ಟ್ ಮಾಡ್ಬೇಕು ಅಂತ ಆರ್ಡರ್ ಆಗಿದೆ."

ಸುಲಿಯುವ ಕೈ ನಿಂತಿತು. "ಯಾರನ್ನ? ಅವನು ಇರುವೇನೂ ತುಳಿಯೋನಲ್ಲ!"

"ಗೊತ್ತು. ಅವನೇ ಮಾಡಿದ್ರೆ ಡಬ್ಬಿ ತನ್ನ ಜೇಬಲ್ಲೇ ಬಿಡ್ತಿರ್ಲಿಲ್ಲ. ಇದನ್ನ ಕೇಳಮ್ಮ."

ಭಾರ್ಗವಿ ತಿದಿ ಒತ್ತಿದಳು. ಟಿಕೆಟ್ ಇನ್ನೂ ಅದೇ ಸಂದಿಯಲ್ಲಿತ್ತು. ಶ್ರುತಿ ಅಂಗಳ ತುಂಬಿತು. ವರಲಕ್ಷ್ಮಮ್ಮನ ಗಂಟಲು ತಾನೇ ತಾನಾಗಿ ಅದಕ್ಕೆ ಸೇರಿಕೊಂಡು, ಒಡೆಯಿತು.

"ಇದು ನನ್ನ ಶ್ರುತಿ."

"ಹೌದು. ಕದಿರಣ್ಣನದು ಎರಡೂವರೆ, ಹಾಗೇ ಸಿಕ್ಕಿಸಿ ಮೇಷ್ಟ್ರು ಮಲಗಿದ್ರು. ಜಯಚಂದ್ರನಿಗೆ ಪದ್ಯವೇ ಇಲ್ಲ. ಐದಕ್ಕೆ ಹಾಡೋರು ತಂಡದಲ್ಲಿ ನೀನೊಬ್ಬಳೇ. ಬೆಳಿಗ್ಗೆ ನೀನು ಹಾಡಿದೀಯ, ಅವನು ಪೆಟ್ಟಿಗೆ ಬಾರಿಸಿದಾನೆ. ಆದ್ರೆ ನನಗೆ ನೀನು ಆಮೇಲೆ ಬಂದೆ ಅಂದೆ. ಯಾಕಮ್ಮ?"

ಅವಳು ಕಡಲೆಸಿಪ್ಪೆಯನ್ನು ಮಡಿಲಿಂದ ಒಂದೊಂದಾಗಿ ಕೊಡವಿದಳು.

"ನನ್ನ ಮಧು ಊಟಕ್ಕೆ ಕೂತ್ರೂ ಹಂಗೇ ಅನ್ನೋನು. 'ನಂಗವಸರಿಲ್ಲ, ಅವರ್ಗೆ ಮೊದ್ಲು ಬಡ್ಸು.' ಕಂಬದೂರಾಗೆ ಕದಿರಣ್ಣ ಅದ್ನ ಕೈಯೆತ್ತಿ ಹಾಡ್ದಾಗ ನನ್ನ ಕೂಸೇ ಎದುರಿಗೆ ನಿಂತಂಗಾಯ್ತು. ನಿನ್ನೆ ಬೆಳಿಗ್ಗೆ ಹೋದೆ. ನಿನ್ನ ಪದ್ಯ ಒಂದ್ಸಲ ಹಾಡು ಅಂದ. ಹಾಡ್ದೆ. ಆಮೇಲೆ ಕೇಳ್ದೆ: ಈ ಮಾತು ನಿಂಗೆಲ್ಲಿ ಸಿಕ್ತು ಕದಿರಣ್ಣಾ?"

"ಏನಂದ?"

"ಅತ್ತುಬಿಟ್ಟ. ಬಂದಿದ್ದು ಒಂದೇ ಬೈಕು ಕಣೆ ಅಂದ. ಒಂದು ಕೂಸಿಗೆ ಮಾತ್ರ ಜಾಗ. ಮಧು ಕಣ್ಣು ಬಿಟ್ಕೊಂಡಿದ್ದನಂತೆ. ಕೈ ಎತ್ತಿ, ನಂಗವಸರಿಲ್ಲ ಮಾವ, ಅವನ್ನ ಕರ್ಕೊಂಡ್ಹೋಗು ಅಂದನಂತೆ. ವಾಪಸ್ ಬತ್ತೀನಿ ಅಂತ ಹೇಳೋಗಿದ್ದ. ಬರೋ ಹೊತ್ಗೆ ಕೂಸಿನ ಜೀವ ಆರೋಗಿತ್ತಂತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ತನ್ನ ಮಗನ್ನ ಉಳಿಸ್ಕೊಂಡಿದ್ದಕ್ಕೆ ನಂಗೆ ಕೋಪ ಇಲ್ಲಮ್ಮ. ಯಾರಾದ್ರೂ ಅಷ್ಟೇ ಮಾಡ್ತಿದ್ರು. ಕುಂದುರ್ಪಿ ರಸ್ತೆ ಅಂತ ಬರೆಯೋಕೆ ಅವ್ನಿಗೆ ಧೈರ್ಯ ಸಾಲ್ಲಿಲ್ಲ. ಅದಕ್ಕೇ ಕಡಲು ತಂದ, ಸಭೆ ತಂದ, ತೋಪು ತಂದ. ಅಲ್ಲಿ ಸಭಾಪತಿ ತನ್ನ ಊರ್ನೇ ಬಿಟ್ಟುಕೊಟ್ಟ. ಇಲ್ಲಿ ಬಿಟ್ಟಿದ್ದು ನನ್ನ ಕೂಸ್ನ. ನನ್ನ ಮಗನ ಮಾತಿಗೆ ಅವನು ಒನ್ಸ್ ಮೋರ್ ತಗೊಂಡ್ಬುಟ್ಟ."

"ಆಮೇಲೆ ಎದೆನೋವು ಬಂತಾ?"

"ಬಂತು. ಮಾತ್ರೆ ಹುಡುಗನ ಕೋಟ್ನಾಗೈತೆ, ತಾ ಅಂದ. ಹೋದೆ. ಡಬ್ಬಿ ಕೈಗೆ ಸಿಕ್ತು. ಅಲ್ಲೇ ಬಿಟ್ಟೆ. ಬಾಗಿಲಿಗೆ ಚಿಲಕ ಹಾಕಿ ತೋಪಿನ ಪಕ್ಕ ಕೂತೆ. ಕೂಗ್ದ. 'ವಾಪಸ್ ಬತ್ತೀನಿ ಕದಿರಣ್ಣಾ' ಅಂದೆ. ಅಷ್ಟೇ ಅಂದಿದ್ದು."

ಒಳಗಿಂದ ನಿದ್ದೆಗಣ್ಣಿನ ದನಿ ಬಂತು. "ಅಮ್ಮಾ, ಯಾರು ಬಂದವ್ರೆ?"

"ಯಾರೂ ಇಲ್ಲ ಕಣಪ್ಪಾ, ಮಲಕ್ಕೋ!" ವರಲಕ್ಷ್ಮಮ್ಮ ಎದ್ದು ಭಾರ್ಗವಿಯ ಎರಡೂ ಕೈ ಹಿಡಿದಳು. ದನಿ ಪಿಸುಮಾತಾಯಿತು. "ನಾನು ಬತ್ತೀನಿ. ಎಲ್ಲಿಗೆ ಕರೆದ್ರೂ ಬತ್ತೀನಿ. ಒಂದೇ ಒಂದು ನಡೆಸ್ಕೊಡು ತಾಯಿ. ಪಾತ್ರಕ್ಕೆ ಜಗಳ ಆಡಿ ಕೊಂದ್ಲು ಅಂತ ಬರ್ಕೋ. ಮಧು ವಿಷ್ಯ ಬೇಡ. ಇನ್ನೊಂದು ಕೂಸಿನ ಜಾಗದಾಗೆ ತಾನು ಬದುಕಿದೀನಿ ಅಂತ ಅವನಿಗೆ ತಿಳೀಬಾರ್ದು. ನನ್ನ ಕೆಟ್ಟೋಳು ಅಂದ್ಕೊಳ್ಳಲಿ. ಅಪ್ಪ ಮಾತ್ರ ಒಳ್ಳೇವ್ನಾಗೇ ಇರ್ಲಿ."

ಎಷ್ಟೋ ಊರುಗಳಲ್ಲಿ, ಹಳೆಯ ನಾಟಕಗಳಲ್ಲಿ ಈ ಹೆಂಗಸು ಬೇಡಿಕೊಂಡಾಗ ಜನ ಅತ್ತಿದ್ದನ್ನು ಭಾರ್ಗವಿ ಅಜ್ಜಿಯ ಮಡಿಲಿಂದ ನೋಡಿದ್ದಳು. ತಾನೂ ಅತ್ತಿದ್ದಳು. ಈಗ ಬಾಗಿ, ಸಂದಿಯಿಂದ ಟಿಕೆಟ್ ಕಿತ್ತಳು. ಶ್ರುತಿ ನಿಂತಿತು.

"ಕದಿರಣ್ಣನೂ ನಿನ್ನ ಒಳ್ಳೇದಕ್ಕೇ ಅಂತ ಇಷ್ಟು ವರ್ಷ ಸುಳ್ಳು ಹೇಳಿದ್ದ," ಎಂದಳು.

ಹೊಸ್ತಿಲಲ್ಲಿ ಕುಂಟುಹೆಜ್ಜೆಯ ಸದ್ದು.

"ಬೇಡ್ಕೋತೀನಿ ಕಣಮ್ಮ."

"ಆಗಲ್ಲ," ಎಂದಳು ಭಾರ್ಗವಿ.