ಬಾಟಲಿಯ ಕೊನೆಯ ಹನಿ

"ಮೇಡಂ ಆಮೇಲೆ ಬರ್ತಾರಾ?"

ಎರಡು ವರ್ಷದ ನಂತರ ಸೊಲೇನ್ ಕಿವಿಗೆ ಬಿದ್ದ, ಹೋಟೆಲಿನೊಡತಿಯ ಮಗ ಗಾಸ್ಪಾರ್‌ನ ಮೊದಲ ಮಾತು ಇದು. ಅದೂ ಅವಳ ಮುಖ ನೋಡದೆ, ಅವಳ ಅಪ್ಪನನ್ನು ಕೇಳಿದ್ದು. ಅವನ ಕೈಯಲ್ಲಿ ನಾಲ್ಕನೆಯ ವೈನ್ ಗ್ಲಾಸಿತ್ತು, ಅವಳ ಅಮ್ಮನಿಗೆಂದು ತಂದದ್ದು.

ಪ್ರತಿ ಅಕ್ಟೋಬರಿನಲ್ಲೂ ಫ್ರಾನ್ಸಿನ ಉತ್ತರ ತುದಿಯ ಲೀಲ್‌ನಿಂದ ಕಾರಿನಲ್ಲಿ ಇಡೀ ದೇಶ ದಾಟಿ ದಕ್ಷಿಣದ ಗ್ಯಾಸ್ಕನಿಯ ಈ ಪುಟ್ಟ ಹೋಟೆಲಿಗೆ ಬರುವುದು ಸೊಲೇನ್ ಮನೆಯವರ ರೂಢಿ. ಕಿಟಕಿ ಪಕ್ಕದ ಮೇಜು, ನಾಲ್ಕು ಕುರ್ಚಿ, ಬಾತುಕೋಳಿ, ಕೆಂಪು ವೈನ್. ಹೋದ ವರ್ಷ ಮಾತ್ರ ಯಾರೂ ಬಂದಿರಲಿಲ್ಲ.

ಅಪ್ಪ ಎಮಿಲ್ ಖಾಲಿ ಕುರ್ಚಿಯ ಕಡೆ ನೋಡಿದರು. ಅವರ ಅಕ್ಕ ಒದೆತ್ ಉತ್ತರ ಕೊಟ್ಟರು.

"ಬರಲ್ಲಪ್ಪ. ಹೋದ ವರ್ಷ ಫೆಬ್ರವರಿಲಿ ತೀರ್ಕೊಂಡ್ಲು."

ಗಾಸ್ಪಾರ್ ಗ್ಲಾಸನ್ನು ವಾಪಸು ತೆಗೆದುಕೊಳ್ಳಲು ಹೋದ. ಇರಲಿ ಬಿಡು ಎಂದು ಎಮಿಲ್ ಸನ್ನೆ ಮಾಡಿದರು.

ಆಗ ಅವನು ಸೊಲೇನ್ ಕಡೆ ನೋಡಿದ. ಒಂದೇ ಕ್ಷಣ... ಆಮೇಲೆ ಅಡುಗೆಮನೆಗೆ ಹೋಗಿಬಿಟ್ಟ.

'ಇನ್ನೂ ಕೋಪ ಇದೆ,' ಎಂದುಕೊಂಡಳು ಸೊಲೇನ್. ಇರದೆ ಏನು?

ಬಾಟಲಿಯ ಕೊನೆಯ ಹನಿ ಯಾರ ಗ್ಲಾಸಿಗೆ ಬೀಳುತ್ತದೋ ಅವರಿಗೆ ವರ್ಷದೊಳಗೆ ಮದುವೆ, ಇಲ್ಲವೇ ನೇಣು. ಫ್ರಾನ್ಸಿನ ಊಟದ ಮೇಜಿನಲ್ಲಿ ಈ ಚೇಷ್ಟೆ ತಪ್ಪಿದ್ದಲ್ಲ. ಉಳಿದವರಿಗೆ ಚೇಷ್ಟೆ ಇರಬಹುದು, ಮನಸ್ಸು ಕೊಟ್ಟವನಿಗೆ ಅಲ್ಲ. ಎರಡು ವರ್ಷದ ಹಿಂದೆ ಗಾಸ್ಪಾರ್ ತುಂಬಿದ ಹೋಟೆಲಿನಲ್ಲಿ, ತನ್ನ ತಾಯಿಯ ಎದುರಿಗೇ, ಬಾಟಲಿಯನ್ನು ಸೊಲೇನ್ ಗ್ಲಾಸಿನ ಮೇಲೆ ಬಗ್ಗಿಸಿದ್ದ. ಸೊಲೇನ್ ಗ್ಲಾಸಿಗೆ ಕೈ ಅಡ್ಡ ಇಟ್ಟಳು. ಹನಿ ಅವಳ ಬೆರಳ ಮೇಲೆ ಬಿತ್ತು. ಸುತ್ತಲಿನವರು ಹೊಟ್ಟೆ ತುಂಬ ನಕ್ಕರು. ಅವನು ನಗಲಿಲ್ಲ.

ಎಲೆಕೋಸಿನ ಸೂಪು ಬಂತು, ಬಾತುಕೋಳಿ ಬಂತು, ಚೀಸ್ ಬಂತು. ಸೊಲೇನ್ ತಟ್ಟೆ ಹಾಗೇ ವಾಪಸು ಹೋಯಿತು. ಕೊನೆಗೆ ಗಾಸ್ಪಾರ್ ಬಾಟಲಿ ಎತ್ತಿಕೊಂಡ. ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಒದೆತ್ ನಾಲಿಗೆ ಸುಮ್ಮನಿರುವುದುಂಟೇ!

"ಆವತ್ತು ಕೈ ಅಡ್ಡ ಇಟ್ಟೆ. ಈಗ ಮೂವತ್ತೊಂದಾಯ್ತು. ಈ ಹುಡುಗನಿಗೆ ಏನು ಕಮ್ಮಿಯಾಗಿತ್ತೇ?"

"ಬಿಡಿ," ಎಂದ ಗಾಸ್ಪಾರ್. "ಬೇಡ ಅನ್ನೋದು ಅವರಿಷ್ಟ."

ಅವರಿಷ್ಟವಂತೆ. ಅವರು! ಎರಡು ವರ್ಷ ಬಿಗಿಹಿಡಿದಿದ್ದ ಗುಟ್ಟು ಸೊಲೇನ್‌ಳ ಎದೆಯಲ್ಲಿ ಇನ್ನು ನಿಲ್ಲಲಿಲ್ಲ.

"ಅಮ್ಮನ ಹತ್ರ ಒಂದು ವರ್ಷ ಇರಲಿಲ್ಲ ಗಾಸ್ಪಾರ್..."

ಅವಳು ಅಳುತ್ತಲೇ ಎಲ್ಲ ಹೇಳಿದಳು. ಆ ಬೆಳಗ್ಗೆ ಇದೇ ಹೋಟೆಲಿನ ಕೋಣೆಯಲ್ಲಿ ಅಮ್ಮ ಅವಳೊಬ್ಬಳಿಗೇ ಹೇಳಿದ್ದಳು. ಡಾಕ್ಟರು ಕೊಟ್ಟಿದ್ದು ಕೆಲವೇ ತಿಂಗಳು. ಈ ಒಂದು ಪ್ರವಾಸ ಅಪ್ಪ ನೆಮ್ಮದಿಯಾಗಿ ಉಣ್ಣಲಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು. ಮಧ್ಯಾಹ್ನ ಬಾಟಲಿ ಬಗ್ಗಿದಾಗ ಜನ "ವರ್ಷದೊಳಗೆ!" ಎಂದು ಕೂಗಿದರು. ಅಮ್ಮನ ಮುಖದ ನಗು ಅಲ್ಲೇ ನಿಂತಿತು. ಅದನ್ನು ಕಂಡದ್ದು ಸೊಲೇನ್ ಮಾತ್ರ.

"ಅಮ್ಮ ಇಲ್ಲದ ಮದುವೆಗೆ ಅಮ್ಮನ ಎದುರಿಗೇ ದಿನ ಗೊತ್ತು ಮಾಡಿದ ಹಾಗಾಗ್ತಿತ್ತು. ಅದಕ್ಕೇ ಮುಚ್ಚಿದೆ."

ಎಮಿಲ್ ಹೆಂಡತಿಯ ಖಾಲಿ ಗ್ಲಾಸನ್ನು ಹಿಡಿದುಕೊಂಡರು. ಹೆಂಡತಿಯ ಕಾಯಿಲೆ ಅವರಿಗೆ ತಿಳಿದದ್ದು ಕ್ರಿಸ್‌ಮಸ್ ಹೊತ್ತಿಗೆ.

"ಅವಳಿಗೆ ಆವಾಗಲೇ ಗೊತ್ತಿತ್ತಾ? ನಾನು ಆವತ್ತು ಎರಡು ಸಲ ಬಾತುಕೋಳಿ ಹಾಕಿಸ್ಕೊಂಡು ತಿಂದೆನಲ್ಲಾ ಮಗಳೇ..."

"ಅದನ್ನ ನೋಡೋಕೇ ಅಮ್ಮ ಬಂದಿದ್ದು, ಅಪ್ಪಾ."

ಎಮಿಲ್ ಅತ್ತರು. ಒದೆತ್ ಕೂಡ ಅತ್ತರು, ಈ ಸಲ ಮಾತಿಲ್ಲದೆ. ಗಾಸ್ಪಾರ್ ಬಾಟಲಿ ಹಿಡಿದು ನಿಂತೇ ಇದ್ದ.

"ಆಮೇಲಾದರೂ ಒಂದು ಕಾಗದ ಬರೀಬಹುದಿತ್ತು," ಎಂದ ಮೆಲ್ಲಗೆ.

"ಆ ನಗು ನಿಂತಿದ್ದು ಕಣ್ಣಿಗೆ ಕಟ್ಟಿತ್ತು. ಖುಷಿ ಕೇಳೋಕೆ ನಾಚಿಕೆಯಾಗ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ಹೋಗೋ ಮುಂಚೆ ಅಮ್ಮ ಒಂದು ಮಾತು ಹೇಳಿದ್ಲು. ಆ ಗ್ಲಾಸು ನೀನು ಮುಚ್ಚಬಾರದಿತ್ತು ಅಂತ."

ಎಮಿಲ್ ತಲೆ ಎತ್ತಿದರು. ಮಗಳ ಗ್ಲಾಸನ್ನು ಗಾಸ್ಪಾರ್ ಕಡೆ ಸರಿಸಿದರು.

"ಸುರಿಯಪ್ಪ. ಅವಳಿಗೆ ಕಾಯೋಕಾಗಲಿಲ್ಲ. ನನಗೆ ಒಂದು ವರ್ಷ ಇದ್ದೀತು."

ಗಾಸ್ಪಾರ್ ಬಾಟಲಿ ಬಗ್ಗಿಸಿದ. ವೈನ್ ಇಳಿಯಿತು. ಕೊನೆಯ ಹನಿ ಬಾಯಂಚಿಗೆ ಬಂದು ತೂಗಿತು.

"ಈ ಸಲ ಕೈ ಅಡ್ಡ ಇಡಲ್ವಾ, ಸೊಲೇನ್?"

"ಇಡಲ್ಲ ಕಣೋ... ಬೇಕಿದ್ರೆ ಈ ಕೈ ನೀನೇ ಹಿಡ್ಕೋ."