ಹುಲ್ಲಹಳ್ಳಿಗೆ ಹೋಗದ ಗುರುವಾರಗಳು

ನಂಜನಗೂಡಿನ ಕಂಪ್ಯೂಟರ್ ಅಂಗಡಿಯ ಸೋಮಶೇಖರ್ ನಮ್ಮ ಓದುಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ನಾನು ಮೂರು ಕಂಪ್ಯೂಟರ್‌ಗಳಿಗೂ ಅಡ್ಡ ನಿಂತುಕೊಂಡೆ.

"ಇವನ್ನ ಗುಜರಿಗೆ ಕೊಡಲ್ಲ," ಅಂದೆ. "ಹೊಸದು ಮಾರೋಕೆ ಬಂದಿದ್ರೆ ಬಂದ ಬಸ್ಸಲ್ಲೇ ವಾಪಸ್ ಹೋಗಿ."

"ಬಂದ ಬಸ್ಸು ಮುಂದಕ್ಕೆ ಹೋಯ್ತು ಕಣ್ರೀ. ಅದು ತಿರುಗಿ ಬರೋವರೆಗಾದ್ರೂ ಇವನ್ನ ನೋಡ್ಬಹುದಾ?"

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಹದಿನಾರು ಎಂಬ ನಮ್ಮೂರಿನ ಅಂಬೇಡ್ಕರ್ ಬೀದಿಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯರಿಗಾಗಿ ನಾನು ನಡೆಸುವ ಓದುಮನೆ ಅದು. ಯಾವುದೋ ಕಚೇರಿ ಬೇಡವೆಂದು ಕೊಟ್ಟ ಕಂಪ್ಯೂಟರ್‌ಗಳಿಗೆ ಇದ್ದದ್ದು ಎರಡೇ ಜಿಬಿ ರ‍್ಯಾಮ್. ವಿಂಡೋಸ್ ತೆರೆಯುವಷ್ಟರಲ್ಲಿ ಅರ್ಧ ಪಾಠ ಮುಗಿಯುತ್ತಿತ್ತು. ಈಗ ಅದರ ಅಪ್‌ಡೇಟ್ ಕೂಡ ನಿಂತಿತ್ತು. ನೋಡಿದವರೆಲ್ಲ ಎಸೆಯಿರಿ ಎನ್ನುವುದನ್ನು ಕೇಳಿ ಕೇಳಿ ನನಗೆ ರೇಗಿಹೋಗಿತ್ತು.

ಅವನು ಒಂದನ್ನು ಬಿಚ್ಚಿ ಧೂಳು ಊದಿದ. "ಇವಕ್ಕೇನೂ ಆಗಿಲ್ಲ. ಹೊರೆ ಜಾಸ್ತಿ ಆಗಿದೆ ಅಷ್ಟೇ. ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿದ್ರೆ ಓಡ್ತವೆ."

ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಅದರಲ್ಲಿ ನಾಲ್ಕು ಬಗೆಯ ಲಿನಕ್ಸ್ ಇದ್ದವು. "ಯಾವುದನ್ನೂ ಈಗಲೇ ಇನ್‌ಸ್ಟಾಲ್ ಮಾಡ್ಬೇಡಿ. ಒಂದೊಂದನ್ನೂ ಒಂದೊಂದು ವಾರ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಒಪ್ಪಿಗೆ ಆದ್ರೆ ಆಮೇಲೆ ಉಳಿಸ್ಕೊಳ್ಳಿ. ನಾನು ಗುರುವಾರ ಗುರುವಾರ ಬತ್ತೀನಿ."

"ನಾಲ್ಕು ವಾರ ಬರ್ತೀರಾ?"

"ಐದನೇದು ಬೇಕು ಅಂದ್ರೆ ಅದನ್ನೂ ಹುಡುಕ್ತೀನಿ," ಅಂದ. ಹೇಳುವಾಗ ನೋಡಿದ್ದು ಕಂಪ್ಯೂಟರನ್ನಲ್ಲ.

ಮೊದಲ ವಾರ ಪಪ್ಪಿ. ಹಾರಾಡುವಷ್ಟು ವೇಗ, ಆದರೆ ಎಲ್ಲಿ ಏನಿದೆ ಎಂದು ಹುಡುಕುವುದೇ ಕೆಲಸವಾಯಿತು. ಎರಡನೆಯದು ಲುಬುಂಟು, ತಂಟೆಯಿಲ್ಲದ ಪಾಪದ್ದು. ಆದರೂ ಪಿಡಿಎಫ್ ಜೊತೆಗೆ ಎರಡು ವೆಬ್‌ಸೈಟ್ ತೆರೆದರೆ ಮೌಸ್ ನಿಂತಲ್ಲೇ ನಿಂತುಬಿಡುತ್ತಿತ್ತು. ಮೂರನೆಯದು ಮಿಂಟ್, ಅವನಿಗೆ ಬಹಳ ಇಷ್ಟ.

"ಎಷ್ಟು ಚೆನ್ನಾಗಿದೆ ನೋಡಿ. ಥೇಟ್ ವಿಂಡೋಸ್ ಥರ. ಹುಡುಗೀರು ಹೆದರಲ್ಲ."

"ನಮ್ಮ ಹುಡುಗೀರು ಹೆದರ್ತಾರೆ ಅಂತ ಯಾರು ಹೇಳಿದ್ದು? ಬ್ರೌಸರ್ ತೆಗೆದ್ರೆ ನಿಮ್ಮ ಮಿಂಟೇ ಏದುಸಿರು ಬಿಡ್ತದೆ."

"ಮಿಂಟ್ ಮೇಲೆ ಕೋಪಾನೋ, ನನ್ನ ಮೇಲೋ?"

"ನಿಮ್ಮ ಮೇಲೆ ಇನ್ನೂ ಶುರು ಮಾಡಿಲ್ಲ."

ಅವನು ನಕ್ಕ. ನಗುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಅದನ್ನು ಮೇಲಕ್ಕೆ ತಳ್ಳುವ ನೆಪದಲ್ಲಿ ನನ್ನನ್ನು ಒಮ್ಮೆ ನೋಡುತ್ತಾನೆ. ಗುರುವಾರ ಯಾವಾಗ ಬರುತ್ತದೋ ಎಂದು ಕಾಯುವಂತಾಗಿತ್ತು ನನಗೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾಲ್ಕನೆಯದು ಆಂಟಿಎಕ್ಸ್. ನೋಡಲು ಸಪ್ಪೆ, ಕರೆದ ಕೂಡಲೇ ಬರುತ್ತದೆ. ಬ್ರೌಸರ್ ತೆಗೆದರೂ ಸುಸ್ತಾಗಲಿಲ್ಲ. "ಇದೇ ಇರ್ಲಿ," ಅಂದೆ.

"ಇದಕ್ಕೆ ರೂಪ ಇಲ್ವಲ್ಲ ಕವನ."

"ಇದರ ಜೊತೆ ದಿನಾ ಬಾಳೋಳು ನಾನು. ಆರಿಸೋಳೂ ನಾನೇ."

ಅವನು ನನ್ನನ್ನೇ ನೋಡುತ್ತಾ, "ನೀವು ಆರಿಸೋ ಲಿಸ್ಟಲ್ಲಿ ನನ್ನ ಹೆಸರೂ ಸೇರಿಸ್ಬಹುದಾ?" ಎಂದು ಮೆಲ್ಲಗೆ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಫೋನ್ ಬಂತು.

"ಹುಲ್ಲಹಳ್ಳೀಲಿದೀನಿ ಅಪ್ಪಾಜಿ. ಪ್ರಿಂಟರ್ ರಿಪೇರಿ. ಸಂಜೆ ಆಗ್ತದೆ."

ನಂಜನಗೂಡಿನಿಂದ ಹುಲ್ಲಹಳ್ಳಿ ಒಂದು ದಿಕ್ಕು, ಹದಿನಾರು ಇನ್ನೊಂದು ದಿಕ್ಕು. ಅವರದು ಮಠಕ್ಕೆ ನಡೆದುಕೊಳ್ಳುವ ಲಿಂಗಾಯತರ ಮನೆ, ನಮ್ಮದು ಈ ಬೀದಿ. ಬಿಡಿಸಿ ಕೇಳುವಂಥದ್ದು ಏನೂ ಇರಲಿಲ್ಲ.

"ನಾಲ್ಕು ವಾರವೂ ಹಿಂಗೇ ಹೇಳಿದ್ದಾ?"

ಅವನು ತಲೆ ತಗ್ಗಿಸಿದ. "ಸ್ವಲ್ಪ ಟೈಮ್ ಕೊಡಿ."

"ತಗೊಳ್ಳಿ. ನಿಮ್ಮ ಅಪ್ಪನ ಎದುರಿಗೆ ನನ್ನ ಹೆಸರು ಹೇಳೋವರೆಗೂ ಈ ಕಡೆ ಬರ್ಬೇಡಿ. ಕದ್ದು ಬರೋರಿಗೆ ಇಲ್ಲಿ ಜಾಗ ಇಲ್ಲ."

ಅವ್ವ ಚಲುವಮ್ಮನಿಗೆ ಸಂಕಟವಾಯಿತು. "ಒಳ್ಳೆ ಉಡ್ಗ ಕಣವ್ವ. ನಮ್ಮನೇಲಿ ಟೀ ಕುಡ್ದ."

"ಟೀ ಕುಡಿದಿದ್ದಕ್ಕೆಲ್ಲ ಋಣ ತೀರಿಸ್ಬೇಕಾ ಅವ್ವ?" ಅಂದೆ. ಒಳಗೆ ಹೋಗಿ ಚೆನ್ನಾಗಿ ಅತ್ತೆ.

ಮಾರನೆಯ ದಿನ ಮೂರಕ್ಕೂ ನಾನೇ ಆಂಟಿಎಕ್ಸ್ ಹಾಕಿದೆ. ಓಡಿದವು. ಆದರೆ ಐದು ವರ್ಷ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಬೇರೆ ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟಿದ್ದ ನನ್ನ ಪ್ರಶ್ನೆಪತ್ರಿಕೆಗಳನ್ನು ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ, ಬರೀ ಇಂಗ್ಲಿಷ್ ಚಿಹ್ನೆಗಳ ಸಂತೆ. ಹಳೆಯ ನುಡಿ ಫಾಂಟ್ ಇಲ್ಲದಿದ್ದರೆ ಹಾಗಾಗುತ್ತದೆ. ಆ ಫಾಂಟನ್ನು ಉಳಿಸಿಕೊಳ್ಳದೆ ಹಾರ್ಡ್ ಡಿಸ್ಕ್ ಅಳಿಸಿದವಳು ನಾನೇ.

ಎರಡು ಗುರುವಾರ ಅವನು ಬರಲಿಲ್ಲ. ಮೂರನೆಯ ಗುರುವಾರ ನಾನೇ ನಂಜನಗೂಡಿಗೆ ಹೊರಟೆ. ಫಾಂಟ್ ಇಂಟರ್ನೆಟ್ಟಿನಲ್ಲೂ ಸಿಗುತ್ತಿತ್ತು, ನನಗೆ ಗೊತ್ತಿತ್ತು. ಅವನು ನನ್ನನ್ನು ಹೆಸರು ಹಿಡಿದು ಕರೆಯುತ್ತಾನೋ, ಗುರುತಿಲ್ಲದವಳಂತೆ ಕಳಿಸುತ್ತಾನೋ, ಅವತ್ತೇ ಇತ್ಯರ್ಥವಾಗಲಿ ಅನ್ನಿಸಿತ್ತು.

ಅಂಗಡಿಯ ಗಲ್ಲಾದಲ್ಲಿ ಅವನ ಅಪ್ಪ ಬಸವಯ್ಯನವರು ಕೂತಿದ್ದರು, ಹಣೆ ತುಂಬ ವಿಭೂತಿ. ಹಿಂದೆ ಸೋಮಶೇಖರ್ ನನ್ನನ್ನು ಕಂಡು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹಳೇ ನುಡಿ ಫಾಂಟ್ ಬೇಕಿತ್ತು ಸಾ. ಹದಿನಾರಿಂದ ಬಂದಿದೀನಿ."

"ಹದಿನಾರಲ್ಲಿ ಯಾರ ಪೈಕಿಯಮ್ಮ?"

"ಮಂಟೇಸ್ವಾಮಿಯವರ ಮಗಳು. ಅಂಬೇಡ್ಕರ್ ಬೀದಿ."

ಬಸವಯ್ಯನವರು ಮುಂದೆ ಕೇಳಲಿಲ್ಲ. ಪಕ್ಕದಲ್ಲಿ ಚಾರ್ಜರ್ ನೋಡುತ್ತಿದ್ದ ಇಬ್ಬರು ಗಿರಾಕಿಗಳು ನನ್ನನ್ನು ನೋಡಿದರು. ಸೋಮಶೇಖರ್ ಸುಮ್ಮನೇ ನಿಂತಿದ್ದ. ಹತ್ತು ಎಣಿಸುತ್ತೇನೆ, ಆಮೇಲೆ ಈ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡೆ. ಆರಕ್ಕೇ ಕಣ್ಣು ತುಂಬಿದವು.

"ಅಪ್ಪಾಜಿ," ಅಂದ ಅವನು. "ನಾನು ಒಂದು ಗುರುವಾರಾನೂ ಹುಲ್ಲಹಳ್ಳಿಗೆ ಹೋಗಿಲ್ಲ. ಹದಿನಾರಿಗೆ ಹೋಗ್ತಿದ್ದೆ. ಇವರು ಕವನ. ನಾನು ಮದ್ವೆ ಆಗೋದು ಇವರನ್ನೇ."

"ಅದನ್ನ ನನ್ನ ಯಾರೂ ಕೇಳ್ಲಿಲ್ಲ," ಅಂದೆ.

ಅವನು ಕಿವಿವರೆಗೂ ಕೆಂಪಾದ. "ಈಗ ಕೇಳ್ತಿದೀನಲ್ಲ. ಆಗ್ತೀರಾ?"

"ಅಂಗಡೀಲಿ ಇದೆಲ್ಲ ಬೇಡ," ಬಸವಯ್ಯನವರು ಗದರಿದರು. "ಏನಿದ್ರೂ ಆಚೆ ಹೋಗಿ ಮಾತಾಡ್ಕೊಳ್ಳಿ."

"ಆಚೆ ಯಾಕೆ ಸಾ? ಬಚ್ಚಿಡೋ ಮಾತಲ್ಲ ಇದು." ನಾನು ಅವನ ಕಡೆ ತಿರುಗಿದೆ. "ಆಗ್ತೀನಿ."

ಬಸವಯ್ಯನವರು ಮುಖ ತಿರುಗಿಸಿ ಕೂತರು. ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಅವರು ಮಾತಾಡಲಿ ಎಂದು ನಾನು ಧ್ವನಿ ತಗ್ಗಿಸಿಯೂ ಇಲ್ಲ.

ಹದಿನಾರಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಟಿಕೆಟ್ ಹರಿಯಲು ಬಂದ ಕಂಡಕ್ಟರ್‌ಗೆ ಬಸವಯ್ಯನವರ ಪರಿಚಯ. ಸೋಮಶೇಖರನನ್ನು ನೋಡಿ, ನನ್ನನ್ನು ನೋಡಿ, "ಹದಿನಾರಲ್ಲಿ ಯಾರ ಮನೆಗೆ ಸಾಮಿ?" ಅಂದರು.

"ನಮ್ಮತ್ತೆ ಮನೆಗೆ," ಅಂದ ಸೋಮಶೇಖರ್, ಹಿಂದಿನ ಸೀಟಿಗೂ ಕೇಳುವಂತೆ.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಾನು ಅವನ ಕೈ ಹಿಡಿದುಕೊಂಡೆ.